ಯಜಮಾನ್ರ ಕಾರಿನ ಹಳೇ ಸದ್ದು

ಹಳೇ ಕಾರು ಓಡಿಸೋನಿಗೆ ಹೇಳ್ಕೊಳ್ಳೋಂಥವು ದಿನಾ ಒಂದಲ್ಲ ಒಂದು ನಡೀತಾನೇ ಇರ್ತವೆ. ಹೊಸ ಕಾರು ಓಡಿಸಿದ ಡ್ರೈವರನ್ನ ಕೇಳಿ ನೋಡಿ, "ಹೋದೆ, ಬಂದೆ" ಅಂತಾನೆ, ಅಲ್ಲಿಗೆ ಮುಗೀತು. ನನ್ನಂಥವನನ್ನ ಕೇಳಬಾರದು. ಕೇಳಿದಿರೋ, ಊಟದ ಹೊತ್ತು ಮೀರುತ್ತೆ.

ನಾನು ಡ್ರೈವರಾಗಿದ್ದದ್ದು ಮದ್ದೂರಲ್ಲಿ, ಜರ್ಮನಿ ಯುದ್ಧದ ಕಾಲದಲ್ಲಿ. ಕಾರಿನ ಒಡೆಯರನ್ನ ಊರೆಲ್ಲ ಯಜಮಾನ್ರು ಅಂತಲೇ ಕರೀತಿತ್ತು, ನಾನೂ ಹಾಗೇ ಕರೀತೀನಿ. ಶಿವನಸಮುದ್ರದ ಕಡೆ ಕೆಲಸಕ್ಕಿದ್ದ ಯಾರೋ ದೊರೆ ತನ್ನ ದೇಶಕ್ಕೆ ಹೋಗುವಾಗ ಇವರಿಗೆ ಮಾರಿಹೋದ ಕಾರದು. ಬಾಡಿಗೆಗೆ ಇವರೇ ಓಡಿಸ್ತಿದ್ದರು. ಮಂಡಿನೋವು ಬಂದು ಕ್ಲಚ್ಚು ತುಳಿಯೋಕಾಗದೆ ನನ್ನ ಇಟ್ಟುಕೊಂಡರು. ಇಟ್ಟುಕೊಂಡ ಮೇಲೆ ಆರಾಮವಾಗಿ ಮನೇಲಿರಬೇಕೋ ಬೇಡವೋ? ದಿನಾ ನನ್ನ ಪಕ್ಕ ಕೂತು ಬರೋರು. ಮದ್ದೂರಿಂದ ಮಂಡ್ಯ, ಮಂಡ್ಯದಿಂದ ಮದ್ದೂರು, ಗಿರಾಕಿ ಸಿಕ್ಕಿದರೆ ಮಳವಳ್ಳಿ. "ನೀವ್ಯಾಕೆ ಬತ್ತೀರಾ, ಒಬ್ಬ ಕೂರೋ ಜಾಗ ದಂಡ" ಅಂತ ನಾನು ಗೊಣಗಿದರೆ, "ನಾನೂ ಕಾರೂ ಒಟ್ಗೇ ಮನೆಗೆ ಬರ್ಬೇಕು ಕಣ್ಲಾ, ಅವಳು ಕಾಯ್ತಿರ್ತಾಳೆ" ಅನ್ನೋರು.

ಅವಳು ಅಂದರೆ ಅವರ ಹೆಂಡತಿ. ನಾನು ಅವ್ವ ಅಂತಿದ್ದೆ. ಅವ್ವನಿಗೆ ಯಾವುದೋ ಜ್ವರದಲ್ಲಿ ಎರಡು ಕಣ್ಣೂ ಹೋಗಿದ್ದವು. ಮಕ್ಕಳಿಲ್ಲ, ಮರಿಯಿಲ್ಲ, ಮನೇಲಿ ಇಬ್ಬರೇ. ಮನೆ ಇದ್ದದ್ದು ಮದ್ದೂರಿನ ಹೊರಗೆ, ಮಂಡ್ಯ ರಸ್ತೆ ಪಕ್ಕದಲ್ಲಿ. ಸಂಜೆಯಾದರೆ ಅವ್ವ ಒಲೆ ಮೇಲೆ ಎಸರಿಟ್ಟು ಕಿವಿಯನ್ನ ರಸ್ತೆಗೆ ಬಿಟ್ಟು ಕೂರೋಳು. ನಮ್ಮ ಕಾರು ಊರಾಚೆಯ ಮೋರಿ ದಾಟಿ ದಿಣ್ಣೆ ಹತ್ತುವಾಗ ಇಂಜಿನ್ನು ಟಕ ಟಕ ಟಕ ಅಂತ ಬಡ್ಕೊಳ್ಳೋದು. ಅದು ಕಿವಿಗೆ ಬಿದ್ದ ಕೂಡಲೇ ಎಸರಿಗೆ ಹಿಟ್ಟು ಹಾಕೋಳು. ನಾವು ಮನೆ ಮುಂದೇನೇ ಹಾದು, ಪೇಟೇಲಿ ಗಿರಾಕಿಗಳನ್ನ ಇಳಿಸಿ, ವಾಪಸ್ ಬಂದು ಕಾಲು ತೊಳೆಯೋ ಹೊತ್ತಿಗೆ ಮುದ್ದೆ ತಟ್ಟೇಲಿ ಹಬೆ ಆಡ್ತಿರೋದು. ನನಗೂ ಒಂದು ಇರೋದು.

ಆದರೆ ಆ ಟಕ ಟಕ ಅನ್ನೋದು ಇಂಜಿನ್ನಿನ ಕಾಯಿಲೆ. ಅದನ್ನ ರಿಪೇರಿ ಮಾಡಿಸೋದಾ, ಇಂಜಿನ್ನನ್ನೇ ಬದಲಾಯಿಸೋದಾ ಅನ್ನೋದು ತೀರ್ಮಾನವಾಗದೆ ವರ್ಷಗಟ್ಟಲೆ ಎಳೀತು. ಆವಾಗ ನಡೆದವು ಇವು. ನಗು ಬಂದರೆ ನಗಿ. ನನಗೂ ಆಗ ಬರ್ತಿತ್ತು.

೧. ಹನಕೆರೆಗೆ ಬಂದ ರೈಲು

ನಮ್ಮ ಇಂಜಿನ್ನು ಪೆಟ್ರೋಲಿಗಿಂತ ಆಯಿಲನ್ನೇ ಹೆಚ್ಚು ಕುಡಿಯೋದು. ಕುಡಿದದ್ದನ್ನೆಲ್ಲ ಹೊಗೆ ಮಾಡಿ ಹಿಂದಿನಿಂದ ಬಿಡೋದು. ನಾವು ಹೋದ ದಾರೀಲಿ ಸ್ವಲ್ಪ ಹೊತ್ತು ಮರ ಯಾವುದು, ಮನುಷ್ಯ ಯಾರು ಅಂತ ತಿಳೀತಿರಲಿಲ್ಲ.

ಹನಕೆರೆ ಹತ್ತಿರ ರಸ್ತೆಯೂ ರೈಲುಕಂಬಿಯೂ ಅಕ್ಕಪಕ್ಕ. ಒಂದು ಬೆಳಿಗ್ಗೆ ನಾವು ಮಂಡ್ಯಕ್ಕೆ ಹೊರಟಿದ್ದೆವು. ನಮ್ಮ ಹೊಗೆ ಮರಗಳ ಮೇಲೆ ಎದ್ದದ್ದನ್ನ ಸ್ಟೇಷನ್ನಲ್ಲಿ ಕೂತಿದ್ದವರು ನೋಡಿದ್ದಾರೆ. ಮದ್ದೂರು ಕಡೆಯಿಂದ ಹೊಗೆ ಬಂತಲ್ಲ, ರೈಲೇ ಅಂತ ಎಲ್ಲರೂ ಎದ್ದು ಗಂಟುಮೂಟೆ ತಲೆಗೇರಿಸಿ ಸಾಲಾಗಿ ನಿಂತುಬಿಟ್ಟಿದ್ದಾರೆ. ಮರದ ಮರೆಯಿಂದ ಈಚೆಗೆ ಬಂದದ್ದು ನಾವು.

ಕೋಳಿಬುಟ್ಟಿ ಹೊತ್ತಿದ್ದ ಒಬ್ಬ ಮುದುಕ ದಡದಡ ಅಂತ ರಸ್ತೆಗೆ ಇಳಿದು ಬಂದು ಕಾರಿಗೆ ಅಡ್ಡ ನಿಂತ.

"ಯಾರ್ಲಾ ಡ್ರೈವರು?"

"ನಾನೇ. ಏನೀಗ?" ಅಂದೆ.

"ರೈಲಲ್ದೇ ಇದ್ದ ಮ್ಯಾಲೆ ರೈಲಂಗೆ ಯಾಕ್ಲಾ ಹೊಗೆ ಬುಡ್ತೀಯ? ಬುಟ್ಟಿ ಎತ್ತಿ ಸೊಂಟ ಇಡ್ಕತು ನಂಗೆ."

ನನಗೆ ಮೈಯೆಲ್ಲ ಉರೀತು. ಯಜಮಾನ್ರು ನನ್ನ ಕೈ ಅದುಮಿ, "ತಪ್ಪಾಯ್ತು ಬುಡಣ್ಣ. ಮಂಡ್ಯಕ್ಕೆ ತಾನೆ? ಅತ್ಕೊ, ಸುಮ್ನೇ ಕರ್ಕೊಂಡೋಯ್ತೀವಿ" ಅಂದರು.

ಮುದುಕ ಕಾರಿನ ಮುಂದೆ ಬಗ್ಗಿ ನೋಡಿದ, ಹಿಂದೆ ಹೋಗಿ ಬಗ್ಗಿ ನೋಡಿದ, ಒಂದು ಸುತ್ತು ಬಂದ. ಆಮೇಲೆ ಬುಟ್ಟಿ ತಲೆಗಿಟ್ಟುಕೊಂಡು, "ಬ್ಯಾಡ ಕಣಪ್ಪ. ನಾನು ಇವತ್ತೇ ಮಂಡ್ಯ ಸೇರ್ಬೇಕು" ಅಂತ ವಾಪಸ್ ಸ್ಟೇಷನ್ನಿಗೆ ಹೋದ.

೨. ಮೇಸ್ತ್ರಿ ನಾಡಿ ನೋಡಿದ್ದು

ಮಂಡ್ಯದಲ್ಲಿ ಹುಣಸೆಮರದ ಕೆಳಗೆ ಒಬ್ಬರು ಸಾಬರು ಶೆಡ್ಡು ಹಾಕ್ಕೊಂಡಿದ್ದರು. ಅವರೇ ನಮ್ಮ ಮೇಸ್ತ್ರಿ. ಉದ್ದದ ಕಬ್ಬಿಣದ ಸಲಾಕಿ ತಗೊಂಡು ಒಂದು ತುದಿ ಇಂಜಿನ್ನಿಗೆ, ಒಂದು ತುದಿ ಕಿವಿಗೆ ಇಟ್ಟು ಕಣ್ಣು ಮುಚ್ಚಿ ಕೇಳೋರು. ಆಗ ಯಜಮಾನ್ರನ್ನ ನೋಡಬೇಕಿತ್ತು. ಹೆರಿಗೆ ಕೋಣೆ ಹೊರಗೆ ನಿಂತ ಗಂಡಸಿನ ಹಾಗೆ ಟವೆಲ್ಲು ಹಿಂಡ್ಕೊಂಡು ನಿಂತಿರೋರು.

ಮೇಸ್ತ್ರಿ ಸಲಾಕಿ ಇಳಿಸಿ ಹೇಳಿದರು: "ಬೋರು, ಅದೇ ಪಿಸ್ಟನ್ನು ಓಡಾಡೋ ಕೊಳವೆ, ಸವೆದೋಗ್ಬುಟ್ಟದೆ ಯಜಮಾನ್ರೇ. ಪಿಸ್ಟನ್ನು ಒಳಗೆ ಸಡ್ಲಾಗಿ ಅಲ್ಲಾಡ್ತದೆ, ಅದಕ್ಕೇ ಬಡ್ಕಂತದೆ. ಬೋರು ಕೊರ್ಸಿ ದೊಡ್ಡ ಪಿಸ್ಟನ್ನು ಆಕ್ಬೇಕು. ಯುದ್ಧ ಮುಗಿಯೋಗಂಟ ಪಿಸ್ಟನ್ನು ಬರಾಕಿಲ್ಲ. ಇಲ್ಲಾಂದ್ರೆ ಎಲ್ಲಾದ್ರೂ ಬ್ಯಾರೆ ಇಂಜಿನ್ ಹುಡುಕಿ ಬದ್ಲಾಯಿಸ್ಬೇಕು."

"ಬದ್ಲಾಯಿಸಿದ್ರೆ ಇದೇ ಸದ್ದು ಬತ್ತದಾ?" ಅಂದರು ಯಜಮಾನ್ರು.

ಮೇಸ್ತ್ರಿ ನನ್ನ ಮುಖ ನೋಡಿದರು. "ಅರೇ, ಸದ್ದು ಓಗ್ಲಿ ಅಂತ್ಲೇ ಅಲ್ವಾ ಬದ್ಲಾಯ್ಸೋದು?"

"ಸದ್ದು ಇರ್ಲಿ. ಹೊಗೆ ಮಾತ್ರ ಓಗ್ಲಿ."

ವಾಪಸ್ ಬರ್ತಾ ದಾರೀಲಿ ನಾನು ರೇಗಿದೆ. ದಿನಾ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಿ ರಟ್ಟೆ ಬಿದ್ದುಹೋಗಿರೋದು ನನ್ನದು, ಇವರಿಗೇನು? ಅವರು ಹೇಳಿದರು: "ಅವಳು ಈ ಕಾರ್ನ ಕಣ್ಣಲ್ಲಿ ನೋಡಿದ್ದು ಒಸಿ ದಿನ ಕಣ್ಲಾ. ಆಮ್ಯಾಕೆಲ್ಲ ಕಿವೀಲೇ. ಬ್ಯಾರೆ ಸದ್ದಾದ್ರೆ ಬಂದೋನು ನಾನು ಅಂತ ಅವಳ್ಗೆ ಎಂಗೆ ಗೊತ್ತಾಗ್ಬೇಕು?"

"ನಿಮ್ಗೇನು ಬಾಯಿಲ್ವಾ? ಬಂದೆ ಕಣಮ್ಮೀ ಅಂತ ಕೂಗಿ."

"ಬಾಗ್ಲಿಗೆ ಬಂದ್ಮ್ಯಾಲೆ ಎಲ್ಲಾರೂ ಕೂಗ್ತಾರೆ. ಮೋರಿತಾವ್ಲೇ ಇವ್ರೇ ಅಂತ ಗೊತ್ತಾಯ್ತದಲ್ಲ, ಅದು ಬ್ಯಾರೆ."

ನನಗಾಗಿ ಹಾಗೆ ಕಿವಿಗೊಟ್ಟು ಕೂತವರು ಆಗ ಯಾರೂ ಇರಲಿಲ್ಲ.

ಮುಂದಿನ ಸಲ ಶೆಡ್ಡಿಗೆ ಹೋದಾಗ ಮೇಸ್ತ್ರಿ ಸಲಾಕಿ ಎತ್ತಲೇ ಇಲ್ಲ. "ಏನಂತಾರೆ ನಿಮ್ಮ ಯಜಮಾನ್ರು? ರೋಗಿ ಉಸಾರಾಗ್ಲಿ, ರೋಗ ಅಂಗೇ ಇರ್ಲಿ ಅಂತ್ಲೇನಾ ಇನ್ನೂವೆ?"

೩. ಬಾಣಂತಿ ಕಾರು

ಯುದ್ಧ ಜೋರಾಗಿ ಆಯಿಲ್ ಸಿಗೋದೇ ಕಷ್ಟವಾಯಿತು. ಮೇಸ್ತ್ರಿ ಒಂದು ದಿನ ಬಾಯಿತಪ್ಪಿ, "ಎಣ್ಣೆ ಮಂದವಾಗಿದ್ರೆ ಸವೆದ ಇಂಜಿನ್ನಿಗೆ ಒಸಿ ಒಳ್ಳೇದು" ಅಂದುಬಿಟ್ಟರು. ಮಂದವಾದ ಎಣ್ಣೆ ಅಂದರೆ ನಮ್ಮ ಕಡೆ ಯಾವುದು? ಹರಳೆಣ್ಣೆ. ಯಜಮಾನ್ರು ಗಾಣದಿಂದ ಒಂದು ಡಬ್ಬ ತರಿಸಿ ಹುಯ್ಯಿಸೇಬಿಟ್ಟರು.

ಇಂಜಿನ್ನೇನೋ ಓಡ್ತು. ನಾಚಿಕೆ ಬಿಟ್ಟು ಹೇಳಬೇಕು, ಚೆನ್ನಾಗೇ ಓಡ್ತು. ಆದರೆ ಆ ವಾಸನೆ! ಕಾಯಿಸಿದ ಹರಳೆಣ್ಣೆ ವಾಸನೆ ನಮ್ಮ ಹೆಂಗಸರಿಗೆ ಗೊತ್ತಿಲ್ಲದ್ದಾ? ಎಳೇ ಮಗುವಿಗೂ ಬಾಣಂತಿಗೂ ನೆತ್ತಿಗೆ ಒತ್ತೋದು ಅದನ್ನೇ. ಮಳವಳ್ಳಿಗೆ ಹೊರಟೆವು. ದಾರಿಯ ಊರೂರಲ್ಲೂ ಹೆಂಗಸರು ಮೊರ ಕೈಲಿ ಹಿಡ್ಕೊಂಡೇ ಬಾಗಿಲಿಗೆ ಬಂದು ಮೂಗರಳಿಸಿ ನೋಡೋರು.

ಒಂದು ಊರಲ್ಲಿ ರೇಡಿಯೇಟರಿಗೆ ನೀರು ಹುಯ್ಯೋಕೆ ನಿಲ್ಲಿಸಿದೆ. ಒಬ್ಬಳು ಅಜ್ಜಿ ಬಂದು, "ಬಾಣಂತೀನ ಕರ್ಕೊಂಡೋಯ್ತಾ ಇದ್ದೀರೇನಪ್ಪ? ಗಾಳಿಕಾಲ, ಕಿವಿ ಮುಚ್ಕೊಳ್ಳಾಕೇಳಿ" ಅಂದಳು. ಒಳಗೆ ಕೂತಿದ್ದವರು ಬೆಲ್ಲದ ಮಂಡಿ ಸಾಹುಕಾರರು, ಒಬ್ಬೊಬ್ಬರ ಮೀಸೆ ಒಂದೊಂದು ಗೇಣು. ಅದರಲ್ಲಿ ಒಬ್ಬರಿಗೆ ನೆಗಡಿಯಾಗಿ ತಲೆಗೂ ಕಿವಿಗೂ ಟವೆಲ್ಲು ಬಿಗಿದು, ಮಡಿಲಲ್ಲಿ ಬಟ್ಟೆ ಸುತ್ತಿದ ಅಚ್ಚುಬೆಲ್ಲ ಇಟ್ಟುಕೊಂಡು ತೂಕಡಿಸ್ತಿದ್ದರು. ಅಜ್ಜಿಗೆ ಕಣ್ಣು ಅಷ್ಟಕ್ಕಷ್ಟೆ. ಅವರ ಮಡಿಲ ಕಡೆ ಬಗ್ಗಿ, "ಏನ್ ಮಗಳೇ, ಗಂಡೋ ಹೆಣ್ಣೋ?" ಅಂತ ಕೇಳಿದಳು.

ಸಾಹುಕಾರರು ಕಣ್ಣು ಬಿಟ್ಟು, "ಬೆಲ್ಲ ಕಣಜ್ಜಿ" ಅಂದರು.

ದಾರಿಯುದ್ದಕ್ಕೂ ನಕ್ಕೊಂಡು ಬಂದೆವು. ಸಂಜೆ ಮನೆ ಮುಂದೆ ಕಾರು ನಿಂತಾಗ ಅವ್ವ ಬಾಗಿಲಿಗೆ ಬಂದು ಮುಖ ಎತ್ತಿ ನಿಂತಿದ್ದಳು. "ಯಾರ ಮನೇಲಿ ಮಗೀಗೆ ಎಣ್ಣೆ ಒತ್ತಾವ್ರೆ?" ಅಂದಳು.

ಯಜಮಾನ್ರು ಕಾರಿನಿಂದ ಇಳಿದವರು ಅಲ್ಲೇ ನಿಂತರು. ಅವರಿಗೆ ಒಂದು ಮಗು ಹುಟ್ಟಿ, ಹೆಸರಿಡೋ ಮುಂಚೆ ಹೋಗಿತ್ತಂತೆ. ನನಗೆ ಅದನ್ನ ಪಕ್ಕದ ಮನೆಯಾಕೆ ಯಾವಾಗಲೋ ಹೇಳಿದ್ದಳು.

"ಮಗೀಗಲ್ಲ ಕಣಮ್ಮೀ. ಇಂಜಿನ್ನಿಗೆ" ಅಂದರು.

ಅವ್ವ ಗೋಡೆ ಹಿಡ್ಕೊಂಡು ಬಂದು, ಕಾರನ್ನ ತಡಕಿ, ಬಿಸಿ ಬಾನೆಟ್ಟಿನ ಮೇಲೆ ಕೈ ಇಟ್ಟಳು. "ಬೆಚ್ಚಗದೆ" ಅಂದಳು. ಆಮೇಲೆ, "ಒತ್ತೋದು ಒತ್ತಿದ್ದೀರಿ, ಬಿಸಿನೀರೂ ಉಯ್ದು ಮಲಗ್ಸಿ" ಅಂತ ನಕ್ಕಳು. ಯಜಮಾನ್ರೂ ನಕ್ಕರು. ಇಬ್ಬರೂ ಒಟ್ಟಿಗೇ ನಗು ನಿಲ್ಲಿಸಿದರು.

ಮಾರನೇ ದಿನ, "ಆ ಎಣ್ಣೆ ಬಸ್ದು ಚೆಲ್ಬುಡು" ಅಂದರು. ಬಸಿದು ಚೆಲ್ಲಿದೆ.

೪. ಹೂವಿನ ಅಪ್ಪಣೆ

ಮನುಷ್ಯರ ಮಾತು ಕೇಳದವರು ದೇವರ ಮಾತಾದರೂ ಕೇಳಲಿ ಅಂತ ನಾನೇ ಸೂಚನೆ ಕೊಟ್ಟೆ. ಮಳವಳ್ಳಿ ದಾರೀಲಿ ಒಂದು ಅಮ್ಮನ ಗುಡಿ. ಅಲ್ಲಿ ಹೂ ಕೇಳೋ ಪದ್ಧತಿ ಇತ್ತು. ಅಮ್ಮನ ಎರಡೂ ಭುಜಕ್ಕೆ ಹೂ ಏರಿಸಿ, ಮನಸ್ಸಲ್ಲಿದ್ದದ್ದನ್ನ ಕೇಳಬೇಕು. ಬಲಗಡೆ ಹೂ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ.

ಯಜಮಾನ್ರು ಮಿಂದು, ಹಣ್ಣುಕಾಯಿ ಮಾಡಿಸಿ, ಕೈಮುಗಿದು ನಿಂತು ಗಟ್ಟಿಯಾಗೇ ಕೇಳಿದರು: "ತಾಯೀ, ಇರೋ ಇಂಜಿನ್ನನ್ನೇ ರಿಪೇರಿ ಮಾಡಿಸ್ಕೊಂಡು ಓಗ್ಲಾ, ಇಲ್ಲಾ ಬದ್ಲಾಯಿಸ್ಲಾ?"

ಪೂಜಾರಿ ಗಂಟೆ ಆಡಿಸಿದ. ಗುಡಿಯೆಲ್ಲ ಉಸಿರು ಹಿಡ್ಕೊಂಡಿತ್ತು. ಟಪ್ ಅಂತ ಬಲಗಡೆ ಹೂ ಬಿತ್ತು.

"ಆಗ್ಲಿ ಅಂದ್ಲು ತಾಯಿ" ಅಂದ ಪೂಜಾರಿ.

"ಯಾವ್ದು ಆಗ್ಲಿ?" ಅಂದೆ ನಾನು.

ಯಜಮಾನ್ರು ಎರಡನ್ನೂ ಒಂದೇ ಉಸಿರಲ್ಲಿ ಕೇಳಿಬಿಟ್ಟಿದ್ದರು. ಮತ್ತೆ ಹೂ ಏರಿಸಿದ್ದಾಯಿತು. ಈ ಸಲ ಬಿಡಿಸಿ ಕೇಳಿದರು: "ಬದ್ಲಾಯಿಸ್ಬೋದಾ ತಾಯೀ?" ಬಹಳ ಹೊತ್ತು ಏನೂ ಬೀಳಲಿಲ್ಲ. ನನ್ನ ಕಾಲು ಜೋಮು ಹಿಡೀತು. ಆಮೇಲೆ ಎಡಗಡೆ ಒಂದು, ಬಲಗಡೆ ಒಂದು, ಎರಡೂ ಒಟ್ಟಿಗೇ ಉದುರಿದವು.

ಪೂಜಾರಿ ಹೂವೆರಡನ್ನೂ ಕೈಲಿ ಹಿಡಿದು ಯೋಚಿಸಿದ. ತಟ್ಟೇಲಿಟ್ಟು ಯಜಮಾನ್ರಿಗೆ ಕೊಟ್ಟು ಹೇಳಿದ: "ಸ್ವಾಮೀ, ಮದುವೆ, ಮಳೆ, ಮಕ್ಕಳು, ದನ, ಇವೆಲ್ಲ ಅಮ್ಮನಿಗೆ ಗೊತ್ತು. ಇದಕ್ಕೆ ಮಂಡ್ಯದಲ್ಲಿ ಒಬ್ರು ಮೇಸ್ತ್ರಿ ಇದಾರಂತೆ, ಅವ್ರನ್ನ ಕೇಳಿ."

೫. ಯಜಮಾನ್ರು ಮನೇಲಿಲ್ಲ

ಯುದ್ಧ ನಿಂತ ಮೇಲೆ ಮಿಲಿಟರಿಯವರು ಬೇಡದ ಲಾರಿ, ಇಂಜಿನ್ನುಗಳನ್ನೆಲ್ಲ ಬೆಂಗಳೂರಲ್ಲಿ ಹರಾಜು ಹಾಕೋಕೆ ಶುರು ಮಾಡಿದರು. ನಮ್ಮ ಕಾರಿಗೆ ಕೂರೋಂಥ ಇಂಜಿನ್ನೊಂದು ಮೇಸ್ತ್ರಿ ಕೈಗೆ ಸಿಕ್ಕಿತು. ಯಜಮಾನ್ರು "ಆಷಾಢ ಕಳೀಲಿ" ಅಂದರು. ಆಷಾಢ ಕಳೀತು. "ಪಿತೃಪಕ್ಷ ಕಳೀಲಿ" ಅಂದರು. ಅದೂ ಕಳೀತು. "ಧನುರ್ಮಾಸ ಬತ್ತದಲ್ಲಾ" ಅಂದರು. ಮೇಸ್ತ್ರಿ ಕೈ ಮುಗಿದು, "ನಿಮ್ಮ ಪಂಚಾಂಗದಲ್ಲಿ ಇಂಜಿನ್ನಿಗೆ ಲಗ್ನಾನೇ ಇಲ್ವಾ ಯಜಮಾನ್ರೇ?" ಅಂತ ಕೇಳಿದರು.

ಕೊನೆಗೆ ಹನಕೆರೆ ಹತ್ತಿರ ಇಂಜಿನ್ನು ಕೆಟ್ಟು ನಿಂತೇಹೋಯಿತು. ಯಾರದೋ ಎತ್ತು ಕಟ್ಟಿಸಿ ಕಾರನ್ನ ಮದ್ದೂರಿಗೆ ಎಳೆಸಿಕೊಂಡು ಬಂದೆವು. ಎತ್ತು ಎಳೆದರೆ ಟಕ ಟಕ ಎಲ್ಲಿಂದ ಬರಬೇಕು? ಮನೆಗೆ ಬಂದರೆ ಎಸರು ಬತ್ತಿ ಪಾತ್ರೆ ಸೀದಿತ್ತು. ಅವ್ವ ಅದನ್ನ ಇಳಿಸೋದನ್ನೂ ಮರೆತು ಬಾಗಿಲಲ್ಲೇ ಕೂತಿದ್ದಳು. ನನಗೆ ತಡೆಯೋಕಾಗಲಿಲ್ಲ. ಯಜಮಾನ್ರು ಹಿತ್ತಿಲಿಗೆ ಹೋದ ಸಮಯ ನೋಡಿ, "ಅವ್ವಾ, ಇವ್ರು ಇಂಜಿನ್ ಬದ್ಲಾಯಿಸ್ದೇ ಇರೋದು ನಿನ್ನ ಕಿವಿಗೋಸ್ಕರ" ಅಂತ ಎಲ್ಲ ಒದರಿಬಿಟ್ಟೆ.

ಅವ್ವ ಕೇಳಿಸ್ಕೊಂಡು, "ನನ್ನ ಕಿವಿಗೋಸ್ಕರ ಒಟ್ಟೆಗೆ ಮಣ್ಣಾಕ್ಕಂತಾರಾ? ಬದ್ಲಾಯಿಸ್ರಪ್ಪ. ಹೊಸಾ ಸದ್ದು ನಾನು ಕಲ್ತ್ಕತೀನಿ" ಅಂದಳು.

ಅವ್ವ ಹೇಳಿದ ಮೇಲೆ ಮುಗೀತು. ಹಳೇ ಇಂಜಿನ್ ಇಳಿಸಿ ಮಿಲಿಟರಿ ಇಂಜಿನ್ನು ಕೂರಿಸಿದರು. ಹಳೇದನ್ನ ಗುಜರಿಗೆ ಹಾಕೋಕೆ ಯಜಮಾನ್ರು ಒಪ್ಪಲಿಲ್ಲ. ಗಾಡೀಲಿ ಹೇರಿಸಿಕೊಂಡು ಬಂದು ಜಗಲಿ ಪಕ್ಕ ಇಡಿಸಿದರು. ಕೋಳಿಗೆ ಮೊಟ್ಟೆ ಇಡೋಕೆ ಒಳ್ಳೇ ಜಾಗವಾಯಿತು.

ಹೊಸ ಇಂಜಿನ್ನು ಹೇಗಿತ್ತು ಅಂತೀರಿ? ಸದ್ದೇ ಇಲ್ಲ. ಕಲ್ತುಕೊಳ್ಳೋಕೆ ಅವ್ವನಿಗೆ ಏನಾದರೂ ಇರಬೇಕಲ್ಲ! ಮೊದಲ ದಿನ ಮೋರಿ ದಾಟಿದ್ದೂ ತಿಳೀಲಿಲ್ಲ, ದಿಣ್ಣೆ ಹತ್ತಿದ್ದೂ ತಿಳೀಲಿಲ್ಲ. ಮನೆ ಮುಂದೆ ಬಂದು ನಿಂತಾಗ ಯಜಮಾನ್ರು ಹುಡುಗಾಟಕ್ಕೆ ನನ್ನ ಕಡೆ ತಿರುಗಿ ಬಾಯಿಗೆ ಬೆರಳಿಟ್ಟು, ಕಾರಿನ ಬಾಗಿಲು ಜೋರಾಗಿ ಹಾಕಿ, ಸುಮ್ಮನೆ ನಿಂತರು. ಒಳಗಿಂದ ಅವ್ವ ಕೂಗಿದಳು:

"ಯಾರಪ್ಪ ಅದು, ಕಾರಲ್ಲಿ ಬಂದಿರೋದು? ಯಜಮಾನ್ರು ಮನೇಲಿಲ್ಲ. ಅವರ ಕಾರು ಬಂದ್ರೆ ಮೋರಿತಾವ್ಲೇ ಗೊತ್ತಾಯ್ತದೆ. ಬತ್ತಾರೆ, ಕೂತ್ಕಳಿ."

ಪಕ್ಕದ ಮನೆಯಾಕೆ ಕೇಳಿಸ್ಕೊಂಡು ಬಿದ್ದು ಬಿದ್ದು ನಕ್ಕಳು. ಬೆಳಗಾಗೋ ಹೊತ್ತಿಗೆ ಪೇಟೆಗೆಲ್ಲ ಸುದ್ದಿ. ಆಮೇಲೆ ಯಜಮಾನ್ರು ಯಾವ ಅಂಗಡಿ ಮುಂದೆ ಹೋದರೂ, "ಯಜಮಾನ್ರು ಮನೇಲಿಲ್ವಂತಲ್ಲಾ, ಕೂತ್ಕಳಿ" ಅಂತ ಬೆಂಚು ತೋರಿಸೋರು. ಅವರು ನಗೋರು. ಆದರೆ ಆ ದಿನ ಅವರ ಮುಖ ಹೇಗಾಗಿತ್ತು ಅಂತ ನೋಡಿದವನು ನಾನೊಬ್ಬನೇ. ಬೆಳಗಿನ ತಂಗಳು ಮುದ್ದೆ ಮುರ್ಕೊಂಡು ತಿಂದರು. ತಮ್ಮ ಮನೆಗೆ ತಾವೇ ನೆಂಟರಾಗಿ ಬಂದಂತೆ ಗೋಡೆಗೆ ಒರಗದೆ ಕೂತಿದ್ದರು.

೬. ದೊಡ್ಡಿಯವರ ಸಿಟ್ಟು

ಇದು ಸಣ್ಣದು. ಮಳವಳ್ಳಿ ದಾರೀಲಿ ಕಾಳಮುದ್ದನದೊಡ್ಡಿ ಹತ್ತಿರ ಒಂದು ಏರು. ಹಳೇ ಇಂಜಿನ್ನು ಅಲ್ಲಿ ಯಾವತ್ತೂ ತಾನಾಗೇ ಹತ್ತಿದ್ದಿಲ್ಲ. ನಮ್ಮ ಸದ್ದು ಕೇಳಿದರೆ ಟೀ ಅಂಗಡೀಲಿದ್ದವರು ಪಂಚೆ ಎತ್ತಿ ಕಟ್ಟಿ ಬಂದು ತಳ್ಳೋರು. ಯಾರೂ ಕರೀಬೇಕಾಗಿರಲಿಲ್ಲ, ವಾಡಿಕೆಯಾಗಿಹೋಗಿತ್ತು.

ಹೊಸ ಇಂಜಿನ್ನಲ್ಲಿ ಹೋದ ದಿನ ಅವರು ನಮ್ಮ ಕಾರು ಕಂಡು ಎದ್ದು ಬಂದು ರಸ್ತೆ ಪಕ್ಕ ನಿಂತರು. ನಾನು ಸುಯ್ ಅಂತ ಹತ್ತಿಸ್ಕೊಂಡು ಹೋದೆ. ವಾಪಸ್ ಬರುವಾಗ ಅಡ್ಡ ಹಾಕಿದರು.

"ಏನ್ಲಾ, ನಾವು ಬಂದು ನಿಂತಿದ್ದು ಕಾಣ್ದಂಗೆ ಒಂಟೋದೆ? ನಿಂಗೆ ಅಷ್ಟೊಂದು ಕೊಬ್ಬಾ?"

"ಇಂಜಿನ್ನು ಹೊಸ್ದು ಕಣಣ್ಣ, ತಳ್ಳಂಗಿಲ್ಲ ಇನ್ನು" ಅಂದೆ.

"ಅದ್ನ ಬಂದು ಏಳ್ಬೇಕೋ ಬ್ಯಾಡ್ವೋ? ಇಷ್ಟು ವರ್ಸ ತಳ್ಳಿದೋರ್ಗೆ ಒಂದ್ ಮಾತೂ ಇಲ್ವಾ?"

ಯಜಮಾನ್ರು ಇಳಿದು, ಎಲ್ಲರಿಗೂ ಟೀ ಕುಡಿಸಿ, ಅವರ ಸಮಾಧಾನಕ್ಕೆ ಕಾರನ್ನ ನಿಲ್ಲಿಸಿ ಸ್ವಲ್ಪ ದೂರ ತಳ್ಳಿಸಿಕೊಂಡರು.

೭. ಸದ್ದು ಕೂರಿಸಿದ್ದು

ಒಂದು ವಾರ ತಂಗಳು ತಿಂದ ಮೇಲೆ ಯಜಮಾನ್ರು ಮೇಸ್ತ್ರಿ ಹತ್ತಿರ ಹೋಗಿ, "ಹಳೇ ಸದ್ದು ಕೂರ್ಸಿಕೊಡಿ" ಅಂದರು.

ಮೇಸ್ತ್ರಿ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಯಜಮಾನ್ರೇ, ಹುಟ್ಟಿದಾಗಿಂದ ಕಾರಿನ ಸದ್ದು ತೆಗೀತಾ ಬಂದೋನು ನಾನು. ಸದ್ದು ಆಕಿಕೊಡಿ ಅಂತ ಯಾರೂ ಬಂದಿರ್ಲಿಲ್ಲ. ನಾಳೆ ಹೊಗೇನೂ ಕೇಳ್ತೀರಾ?"

ಬೈದರು, ಆದರೆ ಮಾಡಿದರು. ಹಿಂದಿನ ಚಕ್ರದ ಕಡ್ಡಿಗಳಿಗೆ ತಾಗೋ ಹಾಗೆ ತಗಡಿನ ನಾಲಗೆ ಒಂದನ್ನ ಸ್ಪ್ರಿಂಗಿಗೆ ಸಿಕ್ಕಿಸಿ, ಅದಕ್ಕೊಂದು ಹಗ್ಗ ಕಟ್ಟಿ ಯಜಮಾನ್ರ ಸೀಟಿನ ಪಕ್ಕಕ್ಕೆ ತಂದರು. ಹಗ್ಗ ಎಳೆದರೆ ಟಕ ಟಕ, ಬಿಟ್ಟರೆ ಗಪ್ ಚುಪ್. ಮೋರಿ ಬಂದ ಕೂಡಲೇ ಯಜಮಾನ್ರು ಎಳೆಯೋದು, ಮನೆ ಮುಂದೆ ಬಿಡೋದು.

ಮೊದಲ ದಿನ ಎಳೆದರು. ಮನೆಗೆ ಬಂದರೆ ಅವ್ವ, "ಪಾತ್ರೆ ಮಾರೋನು ಬಂದ ಅಂತಿದ್ದೆ" ಅಂದಳು. ಮಾರನೇ ದಿನ ತಗಡು ತೆಗೆಸಿ ತೊಗಲಿನ ಪಟ್ಟಿ ಹಾಕಿಸಿದರು. "ಜಟಕಾ ಬಂದಂಗಾಯ್ತು" ಅಂದಳು. ಯಜಮಾನ್ರು ಶೆಡ್ಡಲ್ಲಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರೋರು. ಮೇಸ್ತ್ರಿ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, "ಇದೇನಾ ಯಜಮಾನ್ರೇ?" ಅನ್ನೋರು. "ಇದಲ್ಲ, ಒಸಿ ಮಂದ." "ಇದೇನಾ?" "ಊಹೂಂ, ನಮ್ದು ಇಷ್ಟು ತೆಳ್ಳಗಿರ್ಲಿಲ್ಲ." ನೋಡಿದವರು ವೀಣೆಗೆ ಶ್ರುತಿ ಮಾಡ್ತಾವ್ರೆ ಅಂದುಕೋಬೇಕು.

ಕೊನೆಗೆ ಉಕ್ಕಿನ ತುಂಡಿಗೆ ತೊಗಲು ಸುತ್ತಿ ಹಾಕಿದಾಗ ಕೂತಿತು. ಆ ಸಂಜೆ ಮನೆಗೆ ಬಂದಾಗ ಒಳಗೆ ಮುದ್ದೆಕೋಲು ಆಡೋ ಸದ್ದು. ಅವ್ವ ಹಿಟ್ಟು ಹಾಕಿದ್ದಳು. "ಬಂದ್ರಾ?" ಅಂದಳು, ಅಷ್ಟೇ. ಯಜಮಾನ್ರು ಬಿಸಿಮುದ್ದೆ ಮುರೀತಾ ಟವೆಲ್ಲಿನಿಂದ ಕಣ್ಣು ಒರೆಸ್ಕೊಂಡರು. ನಾನು ನೋಡಿದ್ದಕ್ಕೆ, "ಸಾರು ಖಾರ ಕಣ್ಲಾ" ಅಂದರು.

ಅವತ್ತು ಮುದ್ದೆಗೆ ಇದ್ದದ್ದು ಮಜ್ಜಿಗೆ.

೮. ಬತ್ತಾರೆ, ಕೂತ್ಕಳಿ

ಹಾಗೇ ಸಲೀಸಾಗಿ ನಡೀತು. ಕಾರಿಗೆ ಇಂಜಿನ್ನಿತ್ತು, ಅವ್ವನಿಗೆ ಸದ್ದಿತ್ತು, ನನ್ನ ರಟ್ಟೆಗೆ ಬಿಡುವಿತ್ತು. ಹಗ್ಗ ಎಳೆಯುವಾಗ ಯಜಮಾನ್ರ ಮುಖದಲ್ಲಿ ಒಂದು ಗತ್ತು ಬರೋದು, ದೇವಸ್ಥಾನದ ಗಂಟೆ ಹೊಡೆಯೋರಿಗೆ ಬರೋ ಹಾಗೆ.

ಒಂದು ಮಧ್ಯಾಹ್ನ ಮಂಡ್ಯದಲ್ಲಿ ಆ ಸದ್ದಿನ ಸ್ಪ್ರಿಂಗು ಮುರೀತು. ಸಂಜೆಯೊಳಗೆ ಸರಿಯಾಗಬೇಕು ಅಂತ ಯಜಮಾನ್ರು ಶೆಡ್ಡಿಗೆ ಬಿಡಿಸಿದರು. ಮೇಸ್ತ್ರಿ ಹೊಸ ಸ್ಪ್ರಿಂಗು ಹಾಕೋಕೆ ಕೂತರು. ಯಜಮಾನ್ರು ಯಾವಾಗಲಿನ ಬೆಂಚಿನ ಮೇಲೆ ಮರಕ್ಕೊರಗಿ ಕಣ್ಣು ಮುಚ್ಚಿದರು. ಮೇಸ್ತ್ರಿ ಚಕ್ರ ತಿರುಗಿಸಿ ಹಗ್ಗ ಎಳೆದರು.

"ಇದೇನಾ ಯಜಮಾನ್ರೇ?"

ಮಾತಿಲ್ಲ. ಒಪ್ಪಿಗೆಯಾಗಿಲ್ಲ ಅಂತ ಮೇಸ್ತ್ರಿ ಸ್ಪ್ರಿಂಗು ಸ್ವಲ್ಪ ಸಡಿಲ ಮಾಡಿದರು. "ಇದು?" ಮಾತಿಲ್ಲ. ಸ್ವಲ್ಪ ಬಿಗಿ ಮಾಡಿದರು. ಟಕ ಟಕ ಟಕ, ನನಗೇ ಮೈ ಜುಮ್ ಅಂತು, ಥೇಟು ಹಳೇ ಇಂಜಿನ್ನು. "ಇನ್ನು ಇದಕ್ಕಿಂತ ನನ್ ಕೈಲಾಗಲ್ಲ ಯಜಮಾನ್ರೇ, ಉಂ ಅನ್ನಿ" ಅಂತ ಮೇಸ್ತ್ರಿ ನಗ್ತಾ ತಿರುಗಿ ನೋಡಿದರು.

ಚಕ್ರ ತಾನಾಗೇ ತಿರುಗಿ ತಿರುಗಿ ನಿಂತಿತು. ಪಕ್ಕದ ಬೀದಿಯ ಡಾಕ್ಟರು ಓಡಿಬಂದು ನೋಡಿ, ಎದೆಬಡಿತ ನಿಂತಿದೆ ಅಂದರು.

ಹಿಂದಿನ ಸೀಟಲ್ಲಿ ಮೇಸ್ತ್ರಿ ಅವರ ತಲೆಯನ್ನ ತೊಡೆ ಮೇಲಿಟ್ಟುಕೊಂಡು ಕೂತರು. ನಾನು ಓಡಿಸಿದೆ. ನನ್ನ ಪಕ್ಕದ ಸೀಟು ಖಾಲಿ. ಒಬ್ಬ ಗಿರಾಕಿ ಕೂರೋ ಜಾಗ ದಂಡ ಅಂತ ಇದನ್ನೇ ನಾನು ಅನ್ನುತ್ತಿದ್ದದ್ದು. ಮಂಡ್ಯ ಹಿಂದೆ ಬಿತ್ತು, ಹನಕೆರೆ ಹೋಯಿತು. ಅವ್ವನಿಗೆ ಏನು ಹೇಳಲಿ ಅನ್ನೋದೊಂದೇ ನನ್ನ ತಲೇಲಿ.

ಮೋರಿ ಬಂತು. ಹಗ್ಗ ಆ ಸೀಟಿನ ಪಕ್ಕ ತೂಗಾಡ್ತಿತ್ತು. ನನ್ನ ಕೈ ವಾಡಿಕೆಗೆ ಅತ್ತ ಹೋಯಿತು. ಮೇಸ್ತ್ರಿ ಹಿಂದಿನಿಂದ, "ಎಳೀಬ್ಯಾಡಪ್ಪ. ಆ ತಾಯಿ ಎಸರಿಗೆ ಹಿಟ್ಟಾಕ್ಬುಡ್ತಾಳೆ" ಅಂದರು.

ಎಳೆಯಲಿಲ್ಲ. ದಿಣ್ಣೆ ಹತ್ತಿದ್ದೂ ತಿಳೀಲಿಲ್ಲ. ಪೇಟೆ ಕಡೆ ಹೋಗೋದಿರಲಿಲ್ಲ, ಮನೆ ಮುಂದೇನೇ ನಿಲ್ಲಿಸಿದೆ. ಇಳಿದು ಬಾಗಿಲು ಮೆತ್ತಗೆ ಹಾಕಿದೆ. ಆದರೂ ಅವ್ವನಿಗೆ ಕೇಳಿಸಿತು. ಒಲೆ ಮುಂದಿನಿಂದಲೇ ಕೂಗಿದಳು. ಊರೆಲ್ಲ ಹೇಳ್ಕೊಂಡು ನಕ್ಕಿದ್ದ ಮಾತು ಅದು, ನಾನೂ ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೆ.

"ಯಾರಪ್ಪ ಅದು? ಯಜಮಾನ್ರು ಮನೇಲಿಲ್ಲ. ಅವರ ಕಾರು ಬಂದ್ರೆ ಮೋರಿತಾವ್ಲೇ ಗೊತ್ತಾಯ್ತದೆ. ಬತ್ತಾರೆ, ಕೂತ್ಕಳಿ."

ಜಗಲಿ ಮೇಲೆ ಕೂತ್ಕೊಂಡೆ.